ಟ್ರೇಲರ್ ಎತ್ತುವ ಬ್ಯಾಟರಿ: ಕೊಟೇಶನ್‌ನಲ್ಲಿ ಒಂದೇ ಸಾಲು ಸಾಲದು

ಹೈಡ್ರಾಲಿಕ್ ಟಿಪ್ಪಿಂಗ್ ಟ್ರೇಲರ್‌ಗಾಗಿ ತಯಾರಕರು ಕೊಡುವ ಕೊಟೇಶನ್‌ನಲ್ಲಿ ಚಾಸಿಯ ಉಕ್ಕಿನ ದಪ್ಪ, ಆಕ್ಸಲ್‌ನ ಸಾಮರ್ಥ್ಯ, ಟೈರಿನ ಅಳತೆ, ಸಿಲಿಂಡರಿನ ವ್ಯಾಸ ಮುಂತಾದವು ಒಂದೊಂದಾಗಿ ನಮೂದಾಗಿರುತ್ತವೆ. ಬ್ಯಾಟರಿಯ ವಿಷಯ ಬಂದಾಗ ಮಾತ್ರ “12 ವೋಲ್ಟ್ ಬ್ಯಾಟರಿ ಸಹಿತ” ಎಂಬ ಒಂದೇ ಸಾಲಿನಲ್ಲಿ ಮಾತು ಮುಗಿಯುವುದು ಸಾಮಾನ್ಯ. ಒಟ್ಟು ಬೆಲೆಯಲ್ಲಿ ಬ್ಯಾಟರಿಯ ಪಾಲು ಚಿಕ್ಕದು ಎಂಬುದು ನಿಜ. ಆದರೆ ಅದು ಕೈಕೊಟ್ಟ ದಿನ ಇಡೀ ಟ್ರೇಲರ್ ನಿಲ್ಲುತ್ತದೆ. ಜಲ್ಲಿ ತುಂಬಿದ ಬಾಡಿ ಅರ್ಧಕ್ಕೆ ಎದ್ದು ನಿಂತಾಗ ಗ್ರಾಹಕನು ದೂರುವುದು ಬ್ಯಾಟರಿ ಕಂಪನಿಯನ್ನಲ್ಲ, ಟ್ರೇಲರ್ ಕಟ್ಟಿಕೊಟ್ಟವನನ್ನು. ಆದುದರಿಂದ ಬ್ಯಾಟರಿಯನ್ನು ಅಂಗಡಿಯಲ್ಲಿ ಆ ದಿನ ದೊರೆತ ದರದ ಮೇಲೆ ಆರಿಸದೆ, ಅದು ಮಾಡಬೇಕಾದ ಕೆಲಸದ ಲೆಕ್ಕದ ಮೇಲೆ ಆರಿಸುವುದೂ, ಆ ಲೆಕ್ಕವನ್ನು ಗ್ರಾಹಕನಿಗೆ ಬರವಣಿಗೆಯಲ್ಲಿ ಕೊಡುವುದೂ ಸಣ್ಣ ತಯಾರಕರ ಹಿತದೃಷ್ಟಿಯಿಂದಲೇ ಅಗತ್ಯವಾಗಿದೆ.

ಪ್ರಶ್ನೆ ಎಲ್ಲಿ ಹುಟ್ಟುತ್ತದೆ?

ಕರ್ನಾಟಕದ ಹಳ್ಳಿಗಳಲ್ಲಿ ಓಡಾಡುವ ಟಿಪ್ಪಿಂಗ್ ಟ್ರೇಲರ್‌ಗಳನ್ನು ಎಳೆಯುವುದು ಟ್ರ್ಯಾಕ್ಟರ್. ಟ್ರೇಲರ್‌ನ ಸಿಲಿಂಡರಿಗೆ ಬೇಕಾದ ಎಣ್ಣೆಯ ಒತ್ತಡವನ್ನು ಟ್ರ್ಯಾಕ್ಟರಿನ ಪಂಪೇ ಒದಗಿಸುವುದರಿಂದ ಅಲ್ಲಿ ಪ್ರತ್ಯೇಕ ಬ್ಯಾಟರಿಯ ಮಾತೇ ಬರುವುದಿಲ್ಲ. ಎಳೆಯುವ ವಾಹನದಲ್ಲಿ ಹೈಡ್ರಾಲಿಕ್ ವ್ಯವಸ್ಥೆ ಇಲ್ಲದಿದ್ದಾಗ ಪರಿಸ್ಥಿತಿ ಬದಲಾಗುತ್ತದೆ. ಪಿಕಪ್ ವಾಹನಗಳು ಟ್ರೇಲರ್ ಎಳೆಯುವ ಅಮೆರಿಕದಲ್ಲಿ ಮೋಟಾರು, ಪಂಪು, ಎಣ್ಣೆಯ ಟ್ಯಾಂಕು ಮತ್ತು ಬ್ಯಾಟರಿ ಟ್ರೇಲರ್‌ನ ಮೇಲೆಯೇ ಇರುವ ವಿನ್ಯಾಸ ಬಹುಕಾಲದಿಂದ ರೂಢಿಯಲ್ಲಿದೆ. ಇದೇ ಬಗೆಯ ಡಿ.ಸಿ. ಪವರ್ ಪ್ಯಾಕ್ ಇಲ್ಲಿಯೂ ಲಾರಿಯ ಹಿಂಬದಿಯ ಟೇಲ್ ಲಿಫ್ಟ್, ಗೋದಾಮಿನ ಸ್ಟ್ಯಾಕರ್, ಸಣ್ಣ ಸರಕು ವಾಹನದ ಟಿಪ್ಪಿಂಗ್ ಬಾಡಿ ಮುಂತಾದವುಗಳಲ್ಲಿ ಬಳಕೆಯಾಗುತ್ತದೆ. ಹೈಡ್ರಾಲಿಕ್ ಉಪಕರಣಗಳಿಗೆ ಹೆಸರಾದ ಬೆಳಗಾವಿಯಲ್ಲಿಯೂ ಬೆಂಗಳೂರಿನ ಪೀಣ್ಯದಲ್ಲಿಯೂ ಇರುವ ಘಟಕಗಳಿಗೆ ಪಂಪು, ವಾಲ್ವ್, ಸಿಲಿಂಡರುಗಳು ಹೊಸವಲ್ಲ. ಆದರೆ ಬ್ಯಾಟರಿಯು ಹೊರಗಿನಿಂದ ಕೊಂಡು ತರುವ ವಸ್ತುವಾದುದರಿಂದ ಅದರ ಬಗ್ಗೆ ಅಷ್ಟೇ ಎಚ್ಚರ ವಹಿಸುವ ಅಭ್ಯಾಸ ಇನ್ನೂ ಬೆಳೆಯಬೇಕಾಗಿದೆ.

ಎತ್ತುವ ಕೆಲಸದ ಲೆಕ್ಕ

ಬ್ಯಾಟರಿಯ ಆಯ್ಕೆ ಪಂಪಿನಿಂದ ಆರಂಭವಾಗಬೇಕು. ಒಂದು ಸಣ್ಣ ಟ್ರೇಲರ್‌ನ ಪಂಪು 160 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 6 ಲೀಟರ್ ಎಣ್ಣೆಯನ್ನು ತಳ್ಳುತ್ತದೆ ಎಂದಿಟ್ಟುಕೊಂಡರೆ, ಒತ್ತಡವನ್ನು ಹರಿವಿನಿಂದ ಗುಣಿಸಿ 600ರಿಂದ ಭಾಗಿಸಿದಾಗ 1.6 ಕಿಲೋವಾಟ್ ಎಂಬ ಉತ್ತರ ದೊರೆಯುತ್ತದೆ. ಇದು ಎಣ್ಣೆಗೆ ಸೇರುವ ಶಕ್ತಿ ಮಾತ್ರ. ಮೋಟಾರು ಮತ್ತು ಪಂಪಿನ ಒಟ್ಟು ದಕ್ಷತೆ ಶೇ. 65 ಎಂದು ಹಿಡಿದರೆ ಬ್ಯಾಟರಿಯು ಸುಮಾರು 2.5 ಕಿಲೋವಾಟ್ ಒದಗಿಸಬೇಕು. ಹೊರೆಯ ಕೆಳಗೆ ಬ್ಯಾಟರಿಯ ವೋಲ್ಟೇಜು 11.5ಕ್ಕೆ ಇಳಿದಿರುವಾಗ ಇದು 210ರಿಂದ 220 ಆಂಪಿಯರ್‌ಗಳಷ್ಟು ಕರೆಂಟು. ಮನೆಯ ಇನ್ವರ್ಟರ್ ಬ್ಯಾಟರಿಯಿಂದ ಕೆಲವು ದೀಪ, ಫ್ಯಾನುಗಳಿಗೆ ಎಳೆಯುವ ಕರೆಂಟಿಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಸಿಲಿಂಡರು ಪೂರ್ತಿ ಚಾಚಲು 6 ಲೀಟರ್ ಎಣ್ಣೆ ಬೇಕಾದರೆ ಒಂದು ಬಾರಿ ಎತ್ತಲು ಒಂದು ನಿಮಿಷ ಹಿಡಿಯುತ್ತದೆ. ಬಾಡಿ ಮೇಲೇರಿದಂತೆ, ಸರಕು ಜಾರಿದಂತೆ ಒತ್ತಡ ಕಡಿಮೆಯಾಗುವುದರಿಂದ ಸರಾಸರಿ ಕರೆಂಟು ಗರಿಷ್ಠ ಪ್ರಮಾಣದ ಮೂರರಲ್ಲಿ ಎರಡು ಪಾಲು ಎಂದು ಹಿಡಿಯಬಹುದು. ಹೀಗೆ ಒಂದು ಎತ್ತುವಿಕೆಗೆ ಸುಮಾರು 2.5 ಆಂಪಿಯರ್ ಅವರ್ (ಎಎಚ್) ಖರ್ಚು. ಕೆಳಗಿಳಿಯುವಾಗ ಬಾಡಿ ತನ್ನ ಭಾರದಿಂದಲೇ ಇಳಿಯುವ ವಿನ್ಯಾಸವಾದರೆ ವಾಲ್ವ್ ತೆರೆಯುವಷ್ಟು ಕರೆಂಟು ಸಾಕು. ದಿನಕ್ಕೆ 12 ಲೋಡು ಸುರಿಯುವ ಟ್ರೇಲರ್‌ಗೆ ಒಟ್ಟು 30 ಎಎಚ್ ಬೇಕಾಯಿತು. ಇಷ್ಟು ಲೆಕ್ಕಕ್ಕೆ ಕಾಗದ ಮತ್ತು ಪೆನ್ಸಿಲ್ ಸಾಕು.

100 ಎಎಚ್ ಎಂದರೆ ಯಾವ 100?

ಮೇಲಿನ ಲೆಕ್ಕ ನೋಡಿದವರು 40 ಎಎಚ್ ಬ್ಯಾಟರಿ ಸಾಕೆಂದು ತೀರ್ಮಾನಿಸಬಹುದು. ತಪ್ಪುವುದು ಇಲ್ಲಿಯೇ. ಬ್ಯಾಟರಿಯ ಮೈಮೇಲೆ ಬರೆದ ಎಎಚ್ ಸಂಖ್ಯೆ ಎಷ್ಟು ಗಂಟೆಗಳಲ್ಲಿ ಖಾಲಿ ಮಾಡಿದಾಗ ದೊರೆಯುತ್ತದೆ ಎಂಬುದನ್ನು ಅವಲಂಬಿಸಿದೆ. ವಾಹನಗಳ ಬ್ಯಾಟರಿಗೆ ಸಾಮಾನ್ಯವಾಗಿ 20 ಗಂಟೆಗಳ, ಸೋಲಾರ್ ಬ್ಯಾಟರಿಗೆ 10 ಗಂಟೆಗಳ, ಫೋರ್ಕ್‌ಲಿಫ್ಟ್‌ನಂಥ ಟ್ರ್ಯಾಕ್ಷನ್ ಬ್ಯಾಟರಿಗೆ 5 ಗಂಟೆಗಳ ಲೆಕ್ಕ ಹಿಡಿಯುವುದು ರೂಢಿ. ಲೇಬಲ್ಲಿನ ಮೇಲೆ ಸಿ20, ಸಿ10, ಸಿ5 ಎಂದು ಇರುವುದು ಇದೇ. ಆದುದರಿಂದ ಮೂರು ಬೇರೆ ಬೇರೆ ಬ್ಯಾಟರಿಗಳ ಮೇಲೆ 100 ಎಎಚ್ ಎಂದು ಬರೆದಿದ್ದರೂ ಅವು ಸಮಾನವಲ್ಲ.

20 ಗಂಟೆಗಳ ಲೆಕ್ಕದ 100 ಎಎಚ್ ಬ್ಯಾಟರಿ 5 ಆಂಪಿಯರ್‌ನಂತೆ 20 ಗಂಟೆ ಕೊಡಬಲ್ಲದು. ಅದನ್ನೇ 200 ಆಂಪಿಯರ್‌ನಂತೆ ಒಂದೇ ಸಮನೆ ಎಳೆದರೆ ಅರ್ಧ ಗಂಟೆ ಬರುವುದಿಲ್ಲ. ಸುಮಾರು ಕಾಲು ಗಂಟೆಯಲ್ಲಿಯೇ ಸೋಲುತ್ತದೆ. ಅಂದರೆ ವೇಗವಾಗಿ ಎಳೆದಾಗ ಕೈಗೆ ಸಿಗುವುದು ಹೆಚ್ಚುಕಡಿಮೆ ಅರ್ಧ ಸಾಮರ್ಥ್ಯ. ಎರಡು ಎತ್ತುವಿಕೆಗಳ ನಡುವೆ ಬಿಡುವು ದೊರೆಯುವುದರಿಂದ ಬ್ಯಾಟರಿ ಸ್ವಲ್ಪ ಚೇತರಿಸಿಕೊಳ್ಳುತ್ತದೆ ಎಂಬುದು ನಿಜ. ಆದರೂ ಸೀಸ-ಆಮ್ಲ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದಂತೆಲ್ಲ ಅದರ ಆಯುಷ್ಯ ಬೇಗನೆ ಕುಗ್ಗುತ್ತದೆ. ಇವೆರಡನ್ನೂ, ವಯಸ್ಸಾದಂತೆ ಕುಗ್ಗುವ ಸಾಮರ್ಥ್ಯವನ್ನೂ ಗಣನೆಗೆ ತೆಗೆದುಕೊಂಡರೆ ದಿನದ ಖರ್ಚಿನ ಎರಡೂವರೆಯಿಂದ ಮೂರು ಪಟ್ಟು ಸಾಮರ್ಥ್ಯ ಇರಬೇಕು. 30 ಎಎಚ್ ಖರ್ಚಿಗೆ 75ರಿಂದ 90 ಎಎಚ್. ಹೀಗಾಗಿ 100 ಎಎಚ್ ಅಳತೆಯ ಬ್ಯಾಟರಿ ಸರಿಹೊಂದುತ್ತದೆ.

ಯಾವ ಜಾತಿಯ ಬ್ಯಾಟರಿ?

ಕಾರು, ಲಾರಿಯ ಸ್ಟಾರ್ಟಿಂಗ್ ಬ್ಯಾಟರಿಯಲ್ಲಿ ತೆಳುವಾದ ಪ್ಲೇಟುಗಳು ಹೆಚ್ಚು ಸಂಖ್ಯೆಯಲ್ಲಿರುತ್ತವೆ. ಕೆಲವು ಸೆಕೆಂಡು ಭಾರಿ ಕರೆಂಟು ಕೊಟ್ಟು, ಕೂಡಲೇ ಮತ್ತೆ ಚಾರ್ಜು ಪಡೆಯುವುದು ಅದರ ಕೆಲಸ. ಪ್ರತಿದಿನ ಆಳವಾಗಿ ಖಾಲಿಯಾಗುವ ಕೆಲಸಕ್ಕೆ ಹಚ್ಚಿದರೆ ಪ್ಲೇಟಿನ ಮೇಲಿನ ವಸ್ತು ಉದುರಿ ಅದು ಅಲ್ಪಕಾಲದಲ್ಲಿಯೇ ಸಾಯುತ್ತದೆ. ಅದರ ಮೇಲೆ ಕೆಲವೊಮ್ಮೆ ನಮೂದಾಗಿರುವ ಕೋಲ್ಡ್ ಕ್ರ್ಯಾಂಕಿಂಗ್ ಸಂಖ್ಯೆಯನ್ನು ಅಮೆರಿಕದ ಪದ್ಧತಿಯಲ್ಲಿ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ, ವೋಲ್ಟೇಜು 7.2ಕ್ಕೆ ಇಳಿಯುವವರೆಗೆ 30 ಸೆಕೆಂಡಿನ ಪರೀಕ್ಷೆಯಿಂದ ಅಳೆಯುತ್ತಾರೆ. ರಾಯಚೂರಿನ ಬಿಸಿಲಿನಲ್ಲಿ ಒಂದು ನಿಮಿಷ ಪಂಪು ಓಡಿಸಬೇಕಾದವರಿಗೆ ಆ ಸಂಖ್ಯೆ ಹೆಚ್ಚಿನದೇನನ್ನೂ ಹೇಳುವುದಿಲ್ಲ.

ಹಾಗೆಂದು ಸ್ಟಾರ್ಟಿಂಗ್ ಬ್ಯಾಟರಿ ಎಲ್ಲ ಸಂದರ್ಭಗಳಲ್ಲಿಯೂ ನಿಷಿದ್ಧವಲ್ಲ. ದಿನಕ್ಕೆ ಎರಡು ಬಾರಿ ಮಾತ್ರ ಎತ್ತುವ ಟ್ರೇಲರ್‌ನ ಖರ್ಚು 5 ಎಎಚ್. 100 ಎಎಚ್ ಬ್ಯಾಟರಿಗೆ ಇದು ಶೇ. 5 ಮಾತ್ರ. ಪ್ರತಿದಿನ ಪೂರ್ತಿ ಚಾರ್ಜು ಆಗುವ ಖಾತ್ರಿಯಿದ್ದರೆ ಅಂಥ ಗ್ರಾಹಕನ ಮೇಲೆ ದುಬಾರಿ ಬ್ಯಾಟರಿಯನ್ನು ಹೇರುವುದು ಸರಿಯಲ್ಲ.

ಇನ್ವರ್ಟರಿಗೆ ಬಳಸುವ ಟ್ಯೂಬುಲರ್ ಬ್ಯಾಟರಿ ಆಳವಾಗಿ ಖಾಲಿಯಾಗುವುದನ್ನು ಚೆನ್ನಾಗಿ ಸಹಿಸುತ್ತದೆ. ಈ ಗುಣವನ್ನು ಕಂಡು ಅದನ್ನೇ ಟ್ರೇಲರ್‌ಗೆ ಕಟ್ಟುವುದು ಸೂಕ್ತವೆನಿಸದು. ಅದು ನಿಧಾನವಾಗಿ, ಗಂಟೆಗಟ್ಟಲೆ ಕರೆಂಟು ಕೊಡಲೆಂದು ರೂಪುಗೊಂಡದ್ದು; 200 ಆಂಪಿಯರ್ ಎಳೆದಾಗ ಅದರ ವೋಲ್ಟೇಜು ಹೆಚ್ಚು ಕುಸಿಯುತ್ತದೆ. ಮನೆಯ ಮೂಲೆಯಲ್ಲಿ ಕದಲದೆ ಕೂರುವ ಎತ್ತರದ ಪೆಟ್ಟಿಗೆ ಹಳ್ಳಕೊಳ್ಳದ ರಸ್ತೆಯ ಕುಲುಕಾಟಕ್ಕೆ ತಕ್ಕುದಲ್ಲ.

ದಿನವಿಡೀ ದುಡಿಯುವ ಟ್ರೇಲರ್‌ಗೆ ಹೆಚ್ಚು ಹೊಂದುವುದು ಆಳ ಬಳಕೆಗೆಂದೇ ತಯಾರಾದ ಎಜಿಎಂ ಬ್ಯಾಟರಿ. ಗಾಜಿನ ನಾರಿನ ಹಾಳೆಗಳಲ್ಲಿ ಆಮ್ಲ ಹೀರಿಕೊಂಡಿರುವುದರಿಂದ ಚೆಲ್ಲುವುದಿಲ್ಲ, ಒಳಗಿನ ರೋಧ ಕಡಿಮೆ, ಕುಲುಕಾಟವನ್ನು ತಡೆದುಕೊಳ್ಳುತ್ತದೆ, ನೀರು ಹಾಕುವ ಗೊಡವೆಯಿಲ್ಲ. ಆದರೆ ಅತಿಯಾದ ಚಾರ್ಜನ್ನು ಸಹಿಸುವುದಿಲ್ಲ. ಒಣಗಿದರೆ ಮತ್ತೆ ನೀರು ಹಾಕಿ ಉಳಿಸಿಕೊಳ್ಳಲಾಗದು. ಎಲ್ಲ ಸೀಸ-ಆಮ್ಲ ಬ್ಯಾಟರಿಗಳಿಗೂ ಶಾಖವೇ ಶತ್ರು. 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿ ಏರಿಕೆಗೆ ಆಯುಷ್ಯ ಸುಮಾರು ಅರ್ಧವಾಗುತ್ತದೆ ಎಂಬುದು ಅಂಗೀಕೃತ ಸೂತ್ರ. ಕಲಬುರಗಿ, ರಾಯಚೂರು ಭಾಗದ ಬೇಸಿಗೆಗೆ ಗಾಳಿಯಾಡದ ಕಪ್ಪು ಬಣ್ಣದ ಕಬ್ಬಿಣದ ಪೆಟ್ಟಿಗೆ ಮಾಡಿಕೊಡುವವರು ಇದನ್ನು ನೆನಪಿಡಬೇಕು.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳು ಈಗ ಸಣ್ಣ ತಯಾರಕರ ಕೈಗೆಟಕುವ ಮಟ್ಟಕ್ಕೆ ಬಂದಿವೆ. ಅವುಗಳ ತೂಕ ಸೀಸದ ಬ್ಯಾಟರಿಯ ಅರ್ಧಕ್ಕಿಂತ ಕಡಿಮೆ, ಶೇ. 80ರಷ್ಟು ಬಳಸಿದರೂ ಬಾಳಿಕೆ ಬರುತ್ತವೆ. 2018ರ ಜುಲೈನಿಂದ ಲಿಥಿಯಂ ಅಯಾನ್ ಬ್ಯಾಟರಿಯ ಮೇಲೆ ಶೇ. 18, ಸೀಸದ ಬ್ಯಾಟರಿಯ ಮೇಲೆ ಶೇ. 28 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ ಶೇ. 18 ಆಗಿರುವುದರಿಂದ ತೆರಿಗೆಯ ಅಂತರ ಅಳಿದಿದೆ. ಹೋಲಿಕೆಯನ್ನು ಗುಣ ಮತ್ತು ಬೆಲೆಯ ಮೇಲೆಯೇ ಮಾಡಬಹುದು. ಆದರೆ ಇಲ್ಲೊಂದು ಮುಖ್ಯ ಎಚ್ಚರಿಕೆ ಇದೆ. ಈ ಬ್ಯಾಟರಿಯೊಳಗೆ ಕಾವಲು ಕಾಯುವ ಎಲೆಕ್ಟ್ರಾನಿಕ್ ಸರ್ಕ್ಯೂಟ್, ಅಂದರೆ ಬಿಎಂಎಸ್, ಇರುತ್ತದೆ. 100 ಎಎಚ್‌ನ ಅನೇಕ ಬ್ಯಾಟರಿಗಳಲ್ಲಿ ಅದು ಅನುಮತಿಸುವ ನಿರಂತರ ಕರೆಂಟು 100 ಆಂಪಿಯರ್ ಮಾತ್ರ. 210 ಆಂಪಿಯರ್ ಎಳೆಯುವ ಪಂಪಿಗೆ ಅದನ್ನು ಜೋಡಿಸಿದರೆ ತುಂಬಿದ ಲೋಡು ಮೇಲೇಳುವ ಮೊದಲೇ ಬ್ಯಾಟರಿ ತನ್ನಷ್ಟಕ್ಕೆ ಬಂದ್ ಆಗುತ್ತದೆ. ಲಿಥಿಯಂ ಕೊಳ್ಳುವವರು ಎಎಚ್‌ಗಿಂತ ಮೊದಲು ಕೇಳಬೇಕಾದುದು ಬಿಎಂಎಸ್‌ನ ಆಂಪಿಯರ್ ಮಿತಿಯನ್ನು.

ಅರ್ಧ ದೂರು ತಂತಿಯದು

ಬ್ಯಾಟರಿಯ ತಲೆಗೆ ಕಟ್ಟಲಾಗುವ ಅನೇಕ ದೂರುಗಳ ಮೂಲ ಬೇರೆಡೆ ಇರುತ್ತದೆ. ಹಣ ಉಳಿಸಲೆಂದು ಟ್ರೇಲರ್‌ಗೆ ಬ್ಯಾಟರಿಯನ್ನೇ ಕೊಡದೆ ಎಳೆಯುವ ವಾಹನದ ಬ್ಯಾಟರಿಯಿಂದ ಕೇಬಲ್ ಎಳೆದರೆ ಹೋಗಿಬರುವ ಹಾದಿ ಸೇರಿ 12 ಮೀಟರ್ ಆಗಬಹುದು. 16 ಚದರ ಮಿಲಿಮೀಟರ್ ತಾಮ್ರದ ಕೇಬಲ್‌ನಲ್ಲಿ 200 ಆಂಪಿಯರ್ ಹರಿದರೆ 2.6 ವೋಲ್ಟ್ ದಾರಿಯಲ್ಲಿಯೇ ನಷ್ಟ; 35 ಚದರ ಮಿಲಿಮೀಟರಿನಲ್ಲಿಯೂ 1.2 ವೋಲ್ಟ್. ಅದೇ 35ರ ಕೇಬಲ್ ಒಟ್ಟು 2 ಮೀಟರ್ ಮಾತ್ರ ಇದ್ದರೆ ನಷ್ಟ 0.2 ವೋಲ್ಟ್. ವೋಲ್ಟೇಜು ಇಳಿದಾಗ ಮೋಟಾರಿನ ವೇಗ ತಗ್ಗುತ್ತದೆ, ಎತ್ತುವ ಹೊತ್ತು ಬೆಳೆಯುತ್ತದೆ, ಮೋಟಾರು ಕಾಯುತ್ತದೆ, ಕಾಂಟ್ಯಾಕ್ಟರು ನಡುಗಿ ಅದರ ಸಂಪರ್ಕ ಬಿಂದುಗಳು ಅಂಟಿಕೊಳ್ಳುವ ಸಂಭವವೂ ಇದೆ. ಆದುದರಿಂದ ಬ್ಯಾಟರಿಯು ಪವರ್ ಪ್ಯಾಕಿನ ಪಕ್ಕದಲ್ಲಿಯೇ ಇರುವುದು ಲೇಸು. ವಾಹನದ್ದೇ 24 ವೋಲ್ಟ್ ವ್ಯವಸ್ಥೆಯಾದರೆ ಪವರ್ ಪ್ಯಾಕನ್ನೂ 24 ವೋಲ್ಟಿನದೇ ಆರಿಸಬಹುದು. ಕರೆಂಟು ಅರ್ಧಕ್ಕೆ ಇಳಿಯುತ್ತದೆ.

ಎತ್ತುವ ಸಾಮರ್ಥ್ಯ ಮೀರಿ ತುಂಬಿದ ಟ್ರೇಲರ್‌ನದು ಇನ್ನೊಂದು ಕಥೆ. ಅಲ್ಲಿ ರಿಲೀಫ್ ವಾಲ್ವ್ ತೆರೆದುಕೊಂಡು ಎಣ್ಣೆ ಟ್ಯಾಂಕಿಗೇ ಮರಳುತ್ತದೆ. ಬಾಡಿ ಕದಲುವುದಿಲ್ಲ, ಮೋಟಾರು ಗರಿಷ್ಠ ಕರೆಂಟು ಎಳೆಯುತ್ತಲೇ ಇರುತ್ತದೆ. ಚಾಲಕ ಬಟನ್ ಬಿಡದೆ ಒತ್ತಿ ಹಿಡಿದರೆ ಎಷ್ಟು ಒಳ್ಳೆಯ ಬ್ಯಾಟರಿಯೂ ಸೋಲುತ್ತದೆ. ದೂರು ಬಂದಾಗ ಲೋಡು ಎತ್ತುವ ಸಮಯದಲ್ಲಿ ಬ್ಯಾಟರಿಯ ಟರ್ಮಿನಲ್‌ಗಳ ನಡುವೆ ಒಮ್ಮೆ, ಮೋಟಾರಿನ ಟರ್ಮಿನಲ್‌ಗಳ ನಡುವೆ ಒಮ್ಮೆ ವೋಲ್ಟೇಜು ಅಳೆಯಬೇಕು. ಎರಡರ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಮೊದಲು ನೋಡಬೇಕಾದುದು ಕೇಬಲ್, ಲಗ್ಗು ಮತ್ತು ಕಾಂಟ್ಯಾಕ್ಟರನ್ನು.

ಖರ್ಚು ಮಾಡಿದ್ದನ್ನು ತುಂಬುವವರು ಯಾರು?

ಆಯ್ಕೆಯಲ್ಲಿ ಹೆಚ್ಚು ಕಡೆಗಣಿಸಲ್ಪಡುವುದು ಚಾರ್ಜಿಂಗ್. ದಿನಕ್ಕೆ 30 ಎಎಚ್ ತೆಗೆದರೆ ಸುಮಾರು 34 ಎಎಚ್ ಮರಳಿ ತುಂಬಬೇಕು. ವಾಹನದಿಂದ ಬರುವ ತೆಳುವಾದ ತಂತಿಯ ಮೂಲಕ ಸರಾಸರಿ 8 ಆಂಪಿಯರ್ ದೊರೆಯುತ್ತದೆ ಎಂದಾದರೆ ಇದಕ್ಕೆ ನಾಲ್ಕು ಗಂಟೆಗೂ ಹೆಚ್ಚಿನ ಓಡಾಟ ಬೇಕು. ಕ್ವಾರಿಯಿಂದ ಕಟ್ಟಡದ ಸ್ಥಳಕ್ಕೆ ಹತ್ತಿರದಲ್ಲಿಯೇ ತಿರುಗುವ ಟ್ರೇಲರ್‌ನ ವಾಹನ ದಿನಕ್ಕೆ ಎರಡು ಗಂಟೆ ಮಾತ್ರ ಓಡಿದರೆ ಅರ್ಧ ಸಾಲ ಉಳಿಯಿತು. ನಾಲ್ಕನೆಯ ದಿನಕ್ಕೆ 100 ಎಎಚ್ ಬ್ಯಾಟರಿ ಅರ್ಧಕ್ಕಿಂತ ಕೆಳಗಿರುತ್ತದೆ. ಸೀಸದ ಬ್ಯಾಟರಿಯನ್ನು ಅರೆಹೊಟ್ಟೆಯಲ್ಲಿ ದಿನಗಟ್ಟಲೆ ಬಿಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂತು ಸಾಮರ್ಥ್ಯ ಮರಳಿ ಬಾರದಂತೆ ನಷ್ಟವಾಗುತ್ತದೆ. ಹೊಸ ಬ್ಯಾಟರಿ ಹಾಕಿದರೂ ಅದೇ ಕಥೆ ಮರುಕಳಿಸುತ್ತದೆ.

ಇದಕ್ಕೆ ಪರಿಹಾರ ಕಷ್ಟವೇನಲ್ಲ. ರಾತ್ರಿ ಟ್ರೇಲರ್ ನಿಲ್ಲುವ ಕಡೆ ಕರೆಂಟಿನ ಸೌಲಭ್ಯವಿದ್ದರೆ ಬ್ಯಾಟರಿಯ ಜಾತಿಗೆ ಹೊಂದುವ 10ರಿಂದ 15 ಆಂಪಿಯರ್ ಚಾರ್ಜರನ್ನು ಟ್ರೇಲರ್‌ನ ಜೊತೆಯಲ್ಲಿಯೇ ಕೊಡಬೇಕು. ಇಲ್ಲವಾದರೆ 100 ವಾಟ್‌ನ ಒಂದು ಸೋಲಾರ್ ಪ್ಯಾನೆಲ್ ಒಳ್ಳೆಯ ಬಿಸಿಲಿನ ದಿನ ಸುಮಾರು 25 ಎಎಚ್ ಮರಳಿಸಬಲ್ಲದು. ಒಂದು ವೋಲ್ಟ್‌ಮೀಟರನ್ನು ಕಣ್ಣಿಗೆ ಕಾಣುವಂತೆ ಕೂರಿಸುವುದೂ ಉಪಯುಕ್ತ. ಬಿಡುವಿನಲ್ಲಿರುವ ಸೀಸದ ಬ್ಯಾಟರಿ 12.7 ವೋಲ್ಟ್ ತೋರಿಸಿದರೆ ತುಂಬಿದೆ, 12.2 ತೋರಿಸಿದರೆ ಅರ್ಧವಾಗಿದೆ ಎಂಬುದನ್ನು ಚಾಲಕನಿಗೆ ಕಲಿಸಲು ಹೆಚ್ಚು ಹೊತ್ತು ಬೇಕಿಲ್ಲ. ಬ್ಯಾಟರಿಯ ಪಕ್ಕದಲ್ಲಿಯೇ ಫ್ಯೂಸ್, ಚಾರ್ಜು ಆಗುವಾಗ ಹೊರಡುವ ಅನಿಲ ಹೋಗಲು ಗಾಳಿಯಾಡುವ ಪೆಟ್ಟಿಗೆ, ಎತ್ತಿದ ಬಾಡಿಯ ಕೆಳಗೆ ಕೆಲಸ ಮಾಡುವಾಗ ಕಡ್ಡಾಯವಾಗಿ ನಿಲ್ಲಿಸಬೇಕಾದ ಊರುಗೋಲು ಇವು ಜೀವರಕ್ಷಣೆಯ ವಿಷಯಗಳಾದ್ದರಿಂದ ಇವುಗಳಲ್ಲಿ ಉಳಿತಾಯದ ಮಾತು ಸಲ್ಲದು.

ಗ್ರಾಹಕ ಬೆಲೆಯನ್ನೇ ನೋಡುತ್ತಾನೆ ಎಂಬ ವಾದ

ಇಷ್ಟೆಲ್ಲ ಲೆಕ್ಕ ಹಾಕಿದರೆ ಪಕ್ಕದ ಘಟಕದವರು ಕಡಿಮೆ ದರ ಹೇಳಿ ಆರ್ಡರನ್ನು ಕೊಂಡೊಯ್ಯುತ್ತಾರೆ ಎಂಬ ಆತಂಕ ಸಹಜ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಇದಕ್ಕೆ ಉತ್ತರ ಬ್ಯಾಟರಿಯ ವಿವರವನ್ನು ಮುಚ್ಚಿಡುವುದಲ್ಲ. ಎರಡು ದರಗಳನ್ನು ಬಿಡಿಸಿ ತೋರಿಸುವುದು. ದಿನಕ್ಕೆ ಮೂರು ಬಾರಿಯವರೆಗೆ ಎತ್ತಲು ಒಂದು ಬ್ಯಾಟರಿ, ಹನ್ನೆರಡು ಬಾರಿ ಎತ್ತಲು ಇನ್ನೊಂದು ಎಂದು ಬರೆದುಕೊಟ್ಟರೆ ಆಯ್ಕೆಯ ಹೊಣೆ ಗ್ರಾಹಕನಿಗೆ ಸೇರುತ್ತದೆ. ಮೊದಲನೆಯದರ ಬೆಲೆ 100, ಎರಡನೆಯದರ ಬೆಲೆ 160 ಎಂದಿರಲಿ. ಹನ್ನೆರಡು ಬಾರಿಯ ದುಡಿಮೆಯಲ್ಲಿ ಮೊದಲನೆಯದು ಒಂದು ವರ್ಷ, ಎರಡನೆಯದು ಎರಡೂವರೆ ವರ್ಷ ಬಾಳಿದರೆ ವರ್ಷದ ಖರ್ಚು ಕ್ರಮವಾಗಿ 100 ಮತ್ತು 64. ಕೆಲಸ ನಿಂತ ದಿನಗಳ ನಷ್ಟ ಇದರಲ್ಲಿ ಸೇರಿಲ್ಲ. ಹೀಗೆ ತೋರಿಸಿದ ಲೆಕ್ಕವನ್ನು ಅರ್ಥಮಾಡಿಕೊಳ್ಳದ ಗ್ರಾಹಕ ವಿರಳ.

ಬರವಣಿಗೆಯ ಇನ್ನೊಂದು ಪ್ರಯೋಜನ ವಾರಂಟಿಯದು. ವಾಹನ ಸ್ಟಾರ್ಟ್ ಮಾಡಲೆಂದು ಮಾರಾಟವಾದ ಬ್ಯಾಟರಿಯನ್ನು ಬೇರೆ ಕೆಲಸಕ್ಕೆ ಬಳಸಿದರೆ ವಾರಂಟಿ ಅನ್ವಯಿಸದು ಎಂಬ ಷರತ್ತು ವಾರಂಟಿ ಕಾರ್ಡುಗಳಲ್ಲಿ ಸಾಮಾನ್ಯ. ಡೀಲರನಿಗೆ ಕೊಡುವ ಪರ್ಚೇಸ್ ಆರ್ಡರಿನಲ್ಲಿಯೇ “12 ವೋಲ್ಟ್ ಹೈಡ್ರಾಲಿಕ್ ಪವರ್ ಪ್ಯಾಕಿಗೆ, ಗರಿಷ್ಠ 220 ಆಂಪಿಯರ್, ದಿನಕ್ಕೆ 12 ಬಾರಿ” ಎಂದು ನಮೂದಿಸಿದರೆ ಮುಂದೆ ಬಳಕೆಯ ಬಗ್ಗೆ ತಕರಾರು ಎತ್ತಲು ಆಸ್ಪದ ಕಡಿಮೆ.

ಕಾನೂನಿನ ಕಡೆಗೂ ಗಮನವಿರಬೇಕು. 2001ರ ನಿಯಮಗಳ ಸ್ಥಾನದಲ್ಲಿ ಬಂದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ, ತಮ್ಮದೇ ಬ್ರಾಂಡಿನ ಹೆಸರಿನಲ್ಲಿ ಬ್ಯಾಟರಿಯನ್ನು ಉಪಕರಣದೊಡನೆ ಮಾರುವವರೂ, ಬ್ಯಾಟರಿ ಇರುವ ಉಪಕರಣವನ್ನು ಆಮದು ಮಾಡಿಕೊಳ್ಳುವವರೂ ‘ಉತ್ಪಾದಕ’ರ ಪಟ್ಟಿಗೆ ಸೇರುತ್ತಾರೆ, ಹಳೆಯ ಬ್ಯಾಟರಿಯ ವಿಲೇವಾರಿಯ ಹೊಣೆ ಅವರ ಮೇಲೂ ಬರುತ್ತದೆ. ಬ್ಯಾಟರಿಯ ಮೇಲೆ ಸ್ವಂತ ಹೆಸರಿನ ಸ್ಟಿಕರ್ ಅಂಟಿಸುವ ಮೊದಲು ಈ ಅಂಶವನ್ನು ವಿಚಾರಿಸಿಕೊಳ್ಳುವುದು ಒಳಿತು.

ಆಗಬೇಕಾದುದೇನು?

ಒಂದು ಅರ್ಧ ಪುಟದ ಕೆಲಸದ ಚೀಟಿ ಪ್ರತಿ ಕೊಟೇಶನ್‌ನ ಜೊತೆಗಿರಬೇಕು. ಪಂಪಿನ ಗರಿಷ್ಠ ಕರೆಂಟು, ದಿನದ ಎತ್ತುವಿಕೆಗಳ ಸಂಖ್ಯೆ, ದಿನದ ಎಎಚ್ ಖರ್ಚು, ಬ್ಯಾಟರಿಯ ಜಾತಿ ಮತ್ತು ಅದರ ಎಎಚ್ ಯಾವ ಗಂಟೆಯ ಲೆಕ್ಕದ್ದು ಎಂಬುದು, ಕೇಬಲ್‌ನ ಅಳತೆ, ಚಾರ್ಜ್ ಮಾಡುವ ವಿಧಾನ ಈ ಆರು ವಿವರಗಳು ಅದರಲ್ಲಿದ್ದರೆ ಸಾಕು. ಬ್ಯಾಟರಿ ಡೀಲರುಗಳು “ಯಾವ ಗಾಡಿಗೆ?” ಎಂದು ಕೇಳುವುದರ ಜೊತೆಗೆ “ಯಾವ ಕೆಲಸಕ್ಕೆ, ಎಷ್ಟು ಆಂಪಿಯರ್?” ಎಂದೂ ಕೇಳುವ ಪರಿಪಾಠ ಬೆಳೆಸಿಕೊಳ್ಳಬೇಕು. ವಾಣಿಜ್ಯ ಸಂಸ್ಥೆಗಳು ಇಂಥ ಚೀಟಿಯ ಮಾದರಿಯೊಂದನ್ನು ಸಿದ್ಧಪಡಿಸಿ ಸದಸ್ಯರಿಗೆ ಹಂಚಿದರೆ, ಪವರ್ ಪ್ಯಾಕ್ ತಯಾರಕರನ್ನೂ ಬ್ಯಾಟರಿ ವ್ಯಾಪಾರಿಗಳನ್ನೂ ಬಾಡಿ ಕಟ್ಟುವವರನ್ನೂ ಒಂದು ದಿನದ ಮಟ್ಟಿಗೆ ಒಂದೆಡೆ ಸೇರಿಸಿದರೆ, ಖರ್ಚು ಅಲ್ಪ, ಫಲ ಅಧಿಕ.

ಸಣ್ಣ ತಯಾರಕನ ಬಳಿ ದೊಡ್ಡ ಜಾಹೀರಾತಿನ ಬಲವಿರುವುದಿಲ್ಲ. ಅವನ ವ್ಯಾಪಾರ ನಿಂತಿರುವುದು ಒಬ್ಬ ಗ್ರಾಹಕ ಇನ್ನೊಬ್ಬನಿಗೆ ಹೇಳುವ ಮಾತಿನ ಮೇಲೆ. ವರ್ಷಗಟ್ಟಲೆ ಬಾಳುವಂಥ ಚಾಸಿಯನ್ನು ಕಟ್ಟಿಕೊಟ್ಟು, ತಪ್ಪಾಗಿ ಆರಿಸಿದ ಒಂದು ಬ್ಯಾಟರಿಯಿಂದಾಗಿ ಹೆಸರು ಕೆಡಿಸಿಕೊಳ್ಳುವುದು ಲಾಭದ ವ್ಯವಹಾರವಲ್ಲ. ಕೊಟೇಶನ್‌ನ ಆ ಒಂದು ಸಾಲಿಗೆ ಇನ್ನೈದು ಸಾಲು ಸೇರಿಸುವುದರಿಂದ ಈ ನಷ್ಟವನ್ನು ತಪ್ಪಿಸಬಹುದಾಗಿದೆ.